ನಾಲ್ಕು ತಾಲ್ಲೂಕಿನ ಗಣಕ ರಕ್ಷಕರು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಪಾಂಡವಪುರದಲ್ಲಿ ಕೆಲಸಕ್ಕಿದ್ದೆ. ಗೊಬ್ಬರ, ಬೀಜ, ಔಷಧಿ ಮಾರುವ ಒಂದು ಸಹಕಾರಿ ಸಂಸ್ಥೆ. ಪ್ರಧಾನ ಕಚೇರಿ ಶ್ರೀರಂಗಪಟ್ಟಣದಲ್ಲಿ. ಶಾಖೆಗಳು ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲದಲ್ಲಿ. ದಿನಾ ಬೆಳಗ್ಗೆ ಚಿನಕುರಳಿಯಲ್ಲಿ ಬಸ್ಸು ಹತ್ತುತ್ತಿದ್ದೆ. ಆ ಬಸ್ಸು ಕಲ್ಲು ಹೊತ್ತ ಲಾರಿಗಳ ಹಿಂದೆಯೇ ಹೋಗುತ್ತಿದ್ದುದರಿಂದ ಕಿಟಕಿ ಪಕ್ಕ ಕೂತವರು ಇಳಿಯುವ ಹೊತ್ತಿಗೆ ಮುಖಕ್ಕೆ ಪೌಡರು ಬಳಿದುಕೊಂಡಂತೆ ಕಾಣುತ್ತಿದ್ದರು. ಕಚೇರಿಯಲ್ಲಿ ನನ್ನ ಮೊದಲ ಕೆಲಸ ಮುಖ ತೊಳೆದುಕೊಳ್ಳುವುದು, ಆಮೇಲಿನದು ಟೈಪು ಮಾಡುವುದು.

ಕಂಪ್ಯೂಟರು ಬಂದಾಗ ನನ್ನನ್ನೇ ಅದರ ಮುಂದೆ ಕೂರಿಸಿದರು. ಟೈಪ್‌ರೈಟರಿನಲ್ಲೂ ಅಕ್ಷರದ ಗುಂಡಿಗಳಿದ್ದವು, ಇದರಲ್ಲೂ ಇದ್ದವು. ಇದಕ್ಕಿಂತ ದೊಡ್ಡ ಕಾರಣ ಯಾರಿಗೂ ಬೇಕಿರಲಿಲ್ಲ. ಮಂಡ್ಯದಲ್ಲಿ ಸ್ವಲ್ಪ ದಿನ ತರಬೇತಿ ಕೊಡಿಸಿದರು. ಬಿಲ್ಲು ಹಾಕುವುದು, ದಾಸ್ತಾನು ನೋಡುವುದು, ಸಂಜೆ ಎಲ್ಲವನ್ನೂ ಫ್ಲಾಪಿಗೆ ತುಂಬಿ ಶ್ರೀರಂಗಪಟ್ಟಣದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ಕಲಿತೆ. ಕಂಡಕ್ಟರು ಅದನ್ನು ಎಲೆಅಡಿಕೆ ಚೀಲದ ಪಕ್ಕದಲ್ಲಿಟ್ಟುಕೊಂಡು ಹೋಗುತ್ತಿದ್ದ. ಒಮ್ಮೊಮ್ಮೆ ಫ್ಲಾಪಿಯ ಮೇಲೆ ಸುಣ್ಣದ ಬೆರಳಚ್ಚು ಇರುತ್ತಿತ್ತು. ಆದರೂ ಲೆಕ್ಕ ಹೋಗಿ ಸೇರುತ್ತಿತ್ತು, ಯಾರ ತಕರಾರೂ ಇರಲಿಲ್ಲ.

ತಕರಾರು ಶುರುವಾದದ್ದು ಪ್ರಧಾನ ಕಚೇರಿಯ ಕಂಪ್ಯೂಟರ್ ಕೊಠಡಿಯ ಉದ್ಘಾಟನೆಯ ದಿನ. ಯಂತ್ರಗಳು ಬಂದು ಎಷ್ಟೋ ತಿಂಗಳಾಗಿದ್ದವು; ಆದರೆ ನಮ್ಮ ಕಾರ್ಯದರ್ಶಿಗಳ ಪ್ರಕಾರ ಟೇಪು ಕತ್ತರಿಸುವವರೆಗೆ ಯಾವ ವಸ್ತುವೂ ಬಂದಂತೆ ಅಲ್ಲ. ಅವರು ಬಿಳಿ ಸಫಾರಿ ತೊಟ್ಟ, ಎತ್ತರದ ದನಿಯ ಮನುಷ್ಯ. ದೊಡ್ಡ ಅಧಿಕಾರಿಯೊಬ್ಬರನ್ನು ಕರೆಸಿದ್ದರು. ನಾಲ್ಕೂ ಕಡೆಯ ಸಿಬ್ಬಂದಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಸಾಲಾಗಿ ನಿಂತಿದ್ದೆವು. ಅಧಿಕಾರಿ ಟೇಪು ಕತ್ತರಿಸಿದರು, ಮಂಗಳಾರತಿ ಆಯಿತು, ಕಾರ್ಯದರ್ಶಿಗಳು ಪರದೆಯ ಮೇಲೆ ಸಂಸ್ಥೆಯ ದಾಸ್ತಾನನ್ನು ತೋರಿಸಿದರು. ಯೂರಿಯಾ, ಡಿಎಪಿ, ಪೊಟ್ಯಾಷ್ ಎಲ್ಲ ಸಾಲಾಗಿ ಮೂಡಿದವು. ಅಧಿಕಾರಿ ತಲೆಯಾಡಿಸಿದರು. ಆಗ ಪರದೆಯ ಮೇಲಿದ್ದ ಅಕ್ಷರವೊಂದು ತನ್ನ ಜಾಗ ಬಿಟ್ಟು ಕೆಳಗೆ ಬಿತ್ತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದಂತೆ ಯೂರಿಯಾ, ಡಿಎಪಿ, ಪೊಟ್ಯಾಷ್ ಎಲ್ಲವೂ ಹುಣಸೆ ಎಲೆ ಉದುರಿದ ಹಾಗೆ ಉದುರಿ ಪರದೆಯ ಬುಡದಲ್ಲಿ ಗುಡ್ಡೆಯಾದವು.

"ಇದೂ ಕಾರ್ಯಕ್ರಮದಲ್ಲಿ ಇದೆಯಾ?" ಎಂದು ಅಧಿಕಾರಿ ಕೇಳಿದರು.

ಕಾರ್ಯದರ್ಶಿಗಳು ಮಂಗಳಾರತಿ ತಟ್ಟೆ ಹಿಡಿದಿದ್ದ ಅರ್ಚಕರ ಕಡೆ ನೋಡಿದರು. ಅರ್ಚಕರು ನಮ್ಮ ಕಡೆ ನೋಡಿದರು.

ನನ್ನ ಪಕ್ಕದಲ್ಲಿ ಕೆ.ಆರ್. ಪೇಟೆ ಶಾಖೆಯಿಂದ ಬಂದ ಆಪರೇಟರ್ ನಿಂತಿದ್ದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಮಾಕವಳ್ಳಿಯ ಸೊಸೆ; ಗಂಡ ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ. ಮೆಲ್ಲಗೆ ಮಾತಾಡುವುದು ಆಕೆಯ ಹುಟ್ಟುಗುಣವಲ್ಲ. "ವೈರಸ್ಸು ಕಣಮ್ಮಿ ಇದು. ನಾಗಮಂಗಲದೋನು ಅದ್ಯಾವುದೋ ಆಟದ ಫ್ಲಾಪಿ ತಂದಿದ್ನಲ್ಲ, ಅದ್ರಿಂದಲೇ ಬಂದದೆ," ಎಂದಳು. ನಾಗಮಂಗಲದ ಗುಮಾಸ್ತ ನಮ್ಮ ಹಿಂದೆಯೇ ನಿಂತಿದ್ದ. ಮದುವೆ ನಿಶ್ಚಯವಾಗಿದ್ದ, ನೆತ್ತಿಗೆ ಎಣ್ಣೆ ಹಚ್ಚಿ ಬಾಚಿದ ಹುಡುಗ. ಅವನು ಚಾವಣಿಯ ಫ್ಯಾನಿನಲ್ಲಿ ಏನೋ ವಿಶೇಷ ಕಂಡವನಂತೆ ಕತ್ತೆತ್ತಿಕೊಂಡ.

ಅತಿಥಿಗಳು ಹೋದ ಮೇಲೆ ಕಾರ್ಯದರ್ಶಿಗಳು ನಮ್ಮೆಲ್ಲರನ್ನೂ ಕೂರಿಸಿಕೊಂಡು ಕೇಳಿದ್ದು ವೈರಸ್ಸು ಹೇಗೆ ಬಂತು ಅಂತಲ್ಲ, ಹೇಗೆ ತೆಗೆಯುವುದು ಅಂತಲೂ ಅಲ್ಲ. "ಇದನ್ನ ತಡೆಯೋದು ಯಾರ ಹುದ್ದೆ?" ಎಂದು ಕೇಳಿದರು. ಯಾರ ಹುದ್ದೆಯೂ ಅಲ್ಲ ಎಂದು ಗೊತ್ತಾಯಿತು. ನಾನು ದಾಖಲೆಯಲ್ಲಿ ಟೈಪಿಸ್ಟು. ಕೆ.ಆರ್. ಪೇಟೆಯಾಕೆ ಹಂಗಾಮಿ ಸಹಾಯಕಿ. ನಾಗಮಂಗಲದವನು ತೂಕದ ಗುಮಾಸ್ತ. ಶ್ರೀರಂಗಪಟ್ಟಣದಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದಾತ ಗೋದಾಮಿನ ಕಾವಲುಗಾರನಾಗಿ ನೇಮಕವಾದವನು. ಮಾಡುವ ಕೆಲಸ ಒಂದೇ, ಹೆಸರು ಮಾತ್ರ ನಾಲ್ಕು. ಕಾರ್ಯದರ್ಶಿಗಳಿಗೆ ಇದೇ ರೋಗದ ಮೂಲ ಎನಿಸಿತು. ಕಂಪ್ಯೂಟರ್ ರಕ್ಷಣೆಗೆ ನಾಲ್ಕೂ ತಾಲ್ಲೂಕಿನಲ್ಲಿ ಒಂದೇ ಬಗೆಯ ಹುದ್ದೆ, ಒಂದೇ ಬಗೆಯ ಅರ್ಹತೆ ಇರತಕ್ಕದ್ದು ಎಂದು ಅಪ್ಪಣೆಯಾಯಿತು.

ವೈರಸ್ಸನ್ನು ಮಂಡ್ಯದ ತರಬೇತಿ ಕೇಂದ್ರದವರು ಬಂದು ಒಂದು ಫ್ಲಾಪಿ ಹಾಕಿ ತೆಗೆದು ಹೋದರು. ಅವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಆಗಿತ್ತು. ಹುದ್ದೆಗಳ ಕೆಲಸ ಮಾತ್ರ ಆಗ ತಾನೇ ಶುರುವಾಗಿತ್ತು.

ಮೈಸೂರಿನಿಂದ ಒಬ್ಬ ತಜ್ಞರನ್ನು ಕರೆಸಿದರು. ಆಡಳಿತ ವಿಷಯದಲ್ಲಿ ಪಾಠ ಹೇಳಿ ನಿವೃತ್ತರಾದವರು. ಕಂಪ್ಯೂಟರ್ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ ಎಂದರೆ ತಪ್ಪಾದೀತು. ಅದು ಕರೆಂಟಿನಿಂದ ನಡೆಯುತ್ತದೆ ಎಂದು ಗೊತ್ತಿತ್ತು. ಅವರ ಮಾತನ್ನು ಬರೆದುಕೊಳ್ಳಲು ನನ್ನನ್ನು ಜೊತೆಗೆ ಹಾಕಿದರು. ಸಂಸ್ಥೆಯ ಜೀಪಿನಲ್ಲಿ ನಾಲ್ಕೂ ಊರು ತಿರುಗಿದೆವು. ನನಗೆ ಒಳಗೊಳಗೇ ಖುಷಿಯೂ ಇತ್ತು. ಊರಲ್ಲಿ ಯಾರಾದರೂ "ಏನ್ ಕೆಲ್ಸವ್ವಾ ನಿಂದು?" ಎಂದು ಕೇಳಿದರೆ ಹೇಳಲು ನನ್ನ ಬಳಿ ಒಂದು ಮಾತೂ ಇರಲಿಲ್ಲ. ಟೈಪಿಸ್ಟ್ ಎಂದರೆ ಕಂಪ್ಯೂಟರು ಬಿಟ್ಟುಹೋಗುತ್ತಿತ್ತು, ಕಂಪ್ಯೂಟರು ಎಂದರೆ "ಅಂಗಾರೆ ರಿಪೇರಿ ಮಾಡ್ತೀಯಾ?" ಎನ್ನುತ್ತಿದ್ದರು. ಈಗಲಾದರೂ ಒಂದು ಹೆಸರು ಸಿಗುತ್ತದಲ್ಲ ಎಂದುಕೊಂಡಿದ್ದೆ.

ತಜ್ಞರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಕಂಪ್ಯೂಟರ್ ರಕ್ಷಣೆಗೆ ನೀವು ಏನು ಮಾಡುತ್ತೀರಿ? ನಾಗಮಂಗಲದಲ್ಲಿ ಮದುವೆಯ ಹುಡುಗ ಎದ್ದು ನಿಂತು ಹೇಳಿದ: "ಸಾಯಂಕಾಲ ಬಟ್ಟೆ ಒದಿಸ್ತೀನಿ ಸಾರ್. ಇಲಿ ಬರ್ದಂಗೆ ಬಾಗ್ಲಿಗೆ ಹಲಗೆ ಕೊಡ್ತೀನಿ. ಫ್ಲಾಪಿ ಬಸ್ಸಿಗೆ ಆಕ್ತೀನಿ." ತಜ್ಞರು ನನಗೆ ಬರೆಸಿದರು: ಹೊದಿಕೆ ನಿರ್ವಹಣೆ, ಕೀಟ-ಪ್ರಾಣಿ ತಡೆ, ದತ್ತಾಂಶ ಸಾಗಾಣಿಕೆ. ಹುಡುಗ ಆ ಮಾತುಗಳನ್ನು ಕೇಳಿ ತನ್ನ ಕೆಲಸಕ್ಕೆ ತಾನೇ ಬೆರಗಾದ.

ಜೀಪು ಹೊರಡುವಾಗ ಅವನು ನನ್ನ ಹತ್ತಿರ ಓಡಿ ಬಂದ. "ಅಕ್ಕಾ, ಅಧಿಕಾರಿ ಅಂತ ಬರಂಗೆ ಒಸಿ ಮಾಡ್ಸಕ್ಕಾ. ಲಗ್ನಪತ್ರಿಕೆ ಅಚ್ಚಿಗೆ ಕೊಡ್ಬೇಕು. ತೂಕದ ಗುಮಾಸ್ತ ಅಂತ ಆಕುದ್ರೆ ನಮ್ ಮಾವ ಮೊಕ ಸಿಂಡರಿಸ್ತಾನೆ."

"ಮೊದಲು ಆ ಆಟದ ಫ್ಲಾಪಿ ಎಸಿ," ಎಂದೆ.

"ಎಸ್ದೆ ಕಣಕ್ಕ ಅವತ್ತೇ," ಎಂದ. ಅವನ ಅಂಗಿಯ ಜೇಬಿನಲ್ಲಿ ಅದು ಕಾಣುತ್ತಿತ್ತು.

ಕೆ.ಆರ್. ಪೇಟೆಯಲ್ಲಿ ಆಪರೇಟರಮ್ಮನ ಉತ್ತರ ಬೇರೆ ಥರ ಇತ್ತು. "ನಾನು ಯಾರ್ನೂ ಮುಟ್ಟಕ್ಕೆ ಬುಡಕಿಲ್ಲ ಸಾರ್, ಅಷ್ಟೇಯ," ಎಂದಳು.

"ಯಾರನ್ನೂ ಅಂದರೆ?"

"ನಮ್ ಮ್ಯಾನೇಜರ್ರನ್ನೂ ಸೇರ್ಸಿ."

ಮ್ಯಾನೇಜರ್ ಅಲ್ಲೇ ಕೂತಿದ್ದರು. ಕಿಟಕಿ ಕಡೆ ತಿರುಗಿದರು. ತಜ್ಞರು ಇದಕ್ಕೆ ಏನು ಹೆಸರಿಡಬೇಕೆಂದು ತಿಳಿಯದೆ ಪೆನ್ನಿನ ಮುಚ್ಚಳ ಹಾಕಿದರು. ನಾಲ್ಕೂ ಊರಿನಲ್ಲಿ ಕೇಳಿದ ಉತ್ತರಗಳಲ್ಲಿ ಕಂಪ್ಯೂಟರ್ ರಕ್ಷಣೆಗೆ ನಿಜಕ್ಕೂ ಸಂಬಂಧಪಟ್ಟಿದ್ದ ಉತ್ತರ ಅದೊಂದೇ ಇರಬೇಕು.

ಕೊನೆಗೆ ತಯಾರಾದ ಯೋಜನೆಯನ್ನು ನಾನೇ ಟೈಪು ಮಾಡಿದೆ. ಪ್ರತಿ ಶಾಖೆಗೂ ಒಬ್ಬ ಗಣಕ ರಕ್ಷಣಾಧಿಕಾರಿ, ಒಬ್ಬ ವೈರಸ್ ನಿರೀಕ್ಷಕ, ಒಬ್ಬ ವೈರಸ್ ನಿವಾರಕ, ಒಬ್ಬ ಗುಪ್ತಪದ ಪಾಲಕ, ಒಬ್ಬ ಫ್ಲಾಪಿ ವಾಹಕ. ಗುಪ್ತಪದ ಎಂದರೆ ಪಾಸ್‌ವರ್ಡು. ಎಲ್ಲರ ಮೇಲೆ, ಪ್ರಧಾನ ಕಚೇರಿಯಲ್ಲಿ, ಒಬ್ಬ ಮುಖ್ಯ ಗಣಕ ರಕ್ಷಣಾಧಿಕಾರಿ. ಪ್ರತಿ ಶಾಖೆಯಲ್ಲೂ ಇದ್ದದ್ದು ಒಂದು ಕಂಪ್ಯೂಟರು, ಅದನ್ನು ಮುಟ್ಟುವವರು ಒಬ್ಬರೋ ಇಬ್ಬರೋ. ಅದನ್ನು ಹೇಳಿದಾಗ ತಜ್ಞರು ನಕ್ಕರು. "ಹುದ್ದೆ ಬೇರೆ, ವ್ಯಕ್ತಿ ಬೇರೆ, ಅಮ್ಮಾ. ಇದೇ ಆಡಳಿತಶಾಸ್ತ್ರದ ಮೊದಲ ಪಾಠ," ಎಂದರು.

ಹೀಗೆ ಪಾಂಡವಪುರದಲ್ಲಿ ವೈರಸ್ ನಿರೀಕ್ಷಕಿಯೂ ನಾನೇ, ನಿವಾರಕಿಯೂ ನಾನೇ, ಫ್ಲಾಪಿ ವಾಹಕಿಯೂ ನಾನೇ ಆದೆ. ವೈರಸ್ಸು ಕಂಡರೆ ನಿರೀಕ್ಷಕಿಯಾದ ನಾನು ನಿವಾರಕಿಯಾದ ನನಗೆ ಲಿಖಿತವಾಗಿ ತಿಳಿಸಬೇಕು. ನಿವಾರಕಿಯಾದ ನಾನು ಅದನ್ನು ಸ್ವೀಕರಿಸಿದ್ದಕ್ಕೆ ಸಹಿ ಹಾಕಬೇಕು. ಒಂದು ಸಲ ನಿಜವಾಗಿಯೂ ಹಾಗೆ ಮಾಡಿದೆ. ನಿರೀಕ್ಷಕಿಯ ಕಾಗದದಲ್ಲಿ ವಿವರ ಸಾಲದು ಎಂದು ಬರೆದು ವಾಪಸು ಕಳಿಸಿಕೊಂಡೆ. ಆ ಕಡತಕ್ಕೆ ಮೇಲಿನಿಂದ 'ಉತ್ತಮ' ಎಂದು ಷರಾ ಬಂತು.

ಅರ್ಹತೆಗಳ ಭಾಗ ಇನ್ನೂ ಸೊಗಸಾಗಿತ್ತು. ಮುಖ್ಯ ಗಣಕ ರಕ್ಷಣಾಧಿಕಾರಿಗೆ 'ಕಂಪ್ಯೂಟರ್ ತಿಳಿದಿರತಕ್ಕದ್ದು' ಎಂದು ಮೊದಲು ಬರೆಸಿದ್ದರು. ಕಾರ್ಯದರ್ಶಿಗಳು ಅದನ್ನು ಹೊಡೆದು 'ತಿಳಿಯುವ ಆಸಕ್ತಿ ಇರತಕ್ಕದ್ದು' ಎಂದು ತಿದ್ದಿದರು. ಎರಡನೇ ಸಲ ಕರಡು ಬಂದಾಗ 'ಸ್ನಾತಕೋತ್ತರ ಪದವಿ' ಎಂದು ಸೇರಿತ್ತು. ಮೂರನೇ ಸಲ 'ಚರಿತ್ರೆಯಲ್ಲಿ' ಎಂದು ಸೇರಿತು. ನಾಲ್ಕನೇ ಸಲ 'ಶ್ರೀರಂಗಪಟ್ಟಣ ಪಟ್ಟಣದಲ್ಲೇ ವಾಸವಿರತಕ್ಕದ್ದು, ವಿವಾಹಿತನಾಗಿರತಕ್ಕದ್ದು' ಎಂದಾಯಿತು. ಐದನೆಯ ಕರಡು ಬರುವಷ್ಟರಲ್ಲಿ ಆ ಅರ್ಹತೆಗಳಿಗೆ ಮೀಸೆ, ಕನ್ನಡಕ, ಹಸಿರು ಸ್ಕೂಟರು ಎಲ್ಲ ಬಂದು ಕಾರ್ಯದರ್ಶಿಗಳ ಭಾಮೈದನ ರೂಪ ತಾಳಿದ್ದವು. ಚರಿತ್ರೆಯಲ್ಲಿ ಎಂ.ಎ. ಮಾಡಿ ಮನೆಯಲ್ಲಿ ಕೂತಿದ್ದ ಮನುಷ್ಯ ಅವನು.

ಚರಿತ್ರೆ ಯಾಕೆ ಎಂದು ನಾನು ತಜ್ಞರನ್ನು ಕೇಳಿಯೇಬಿಟ್ಟೆ. ಅವರು ಕಿಟಕಿಯಿಂದಾಚೆ ಕಾಣುತ್ತಿದ್ದ ಕೋಟೆ ಗೋಡೆಯ ಕಡೆ ಕೈ ತೋರಿಸಿದರು. "ಅಷ್ಟು ದೊಡ್ಡ ಕೋಟೆ ಹೇಗೆ ಬಿತ್ತು ಅಂತ ಓದಿದವನಿಗೆ ಒಂದು ಕಂಪ್ಯೂಟರು ಹೇಗೆ ಬೀಳುತ್ತೆ ಅಂತ ಗೊತ್ತಾಗೋದಿಲ್ಲವೇನಮ್ಮ?"

ಉತ್ತರ ಹೇಳುವಷ್ಟು ಚರಿತ್ರೆ ನನಗೆ ಗೊತ್ತಿರಲಿಲ್ಲ. ಟೈಪು ಮಾಡಿ ಕೊಟ್ಟೆ. ನಾಗಮಂಗಲದ ಹುಡುಗ ಗಣಕ ರಕ್ಷಣಾಧಿಕಾರಿಯಾದ. ಅವನ ಲಗ್ನಪತ್ರಿಕೆ ನನಗೂ ಬಂತು. ಹೆಸರಿನ ಕೆಳಗೆ ಹುದ್ದೆಯನ್ನು ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಹಾಕಿಸಿದ್ದ. ಮದುವೆಯ ಊಟದಲ್ಲಿ ಅವನ ಮಾವ ನಮ್ಮ ಸಾಲಿಗೆ ಬಂದು, "ನಮ್ ಅಳಿಯಂದ್ರಿಗೆ ಗನ್ನು ಗಿನ್ನು ಕೊಟ್ಟವ್ರೇನವ್ವಾ?" ಎಂದು ಕೇಳಿದರು. ಕೆ.ಆರ್. ಪೇಟೆಯಾಕೆ ಪಾಯಸ ಬಾಯಲ್ಲಿಟ್ಟುಕೊಂಡೇ, "ಇನ್ನೂ ಲೈಸೆನ್ಸ್ ಆಗ್ಬೇಕು ಗೌಡ್ರೇ," ಎಂದಳು.

ಭಾಮೈದ ಅಧಿಕಾರ ವಹಿಸಿಕೊಂಡ ಮೇಲೆ ಮಾಡಿದ ಮೊದಲ ಸುಧಾರಣೆ ಪಾಸ್‌ವರ್ಡಿನದು. ಅಲ್ಲಿಯವರೆಗೆ ಒಂದೊಂದು ಶಾಖೆಯಲ್ಲಿ ಒಂದೊಂದು ಪದ ಇತ್ತು. ಹುದ್ದೆ ಒಂದೇ, ಅರ್ಹತೆ ಒಂದೇ ಎಂದಮೇಲೆ ಗುಪ್ತಪದವೂ ಒಂದೇ ಇರಬೇಡವೇ ಎಂದು ಅವನು ವಾದಿಸಿದ. ಕರಿಘಟ್ಟದ ಸ್ವಾಮಿ ಅವರ ಮನೆದೇವರು. ಆ ಹೆಸರನ್ನೇ ನಾಲ್ಕೂ ಕಡೆ ಹಾಕಿಸಿದ. ಸುತ್ತೋಲೆಯಲ್ಲಿ ಬರೆದು ಕಳಿಸಿದ. ಸುತ್ತೋಲೆ ನಿಯಮದಂತೆ ಸೂಚನಾ ಫಲಕಕ್ಕೆ ಹೋಯಿತು. ನಾಗಮಂಗಲದಲ್ಲಿ ಟೀ ತಂದುಕೊಡುವಾತ ಬೆಳಗ್ಗೆ ಬಾಗಿಲಲ್ಲೇ ನಿಂತು ಆ ಹೆಸರು ಕೂಗಿ, "ಓಪನ್ನಾಯ್ತಾ ಸಾರ್?" ಎಂದು ಕೇಳುತ್ತಿದ್ದನಂತೆ. ಈ ಸುದ್ದಿ ಶ್ರೀರಂಗಪಟ್ಟಣಕ್ಕೆ ಮುಟ್ಟಿದಾಗ ಭಾಮೈದನಿಗೆ ಅವಮಾನವಾಯಿತು. ಜೀಪು ಹತ್ತಿ ನಾಲ್ಕೂ ಕಡೆ ಹೋಗಿ, ನಮ್ಮನ್ನೆಲ್ಲ ಕೊಠಡಿಯಿಂದ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಹೊಸ ಪದ ಹಾಕಿದ. ಬೆಳಗ್ಗೆ ತಾನೇ ಫೋನು ಮಾಡಿ ಗುಪ್ತಪದ ಪಾಲಕರಿಗೆ ಹೇಳುವುದಾಗಿ ತಿಳಿಸಿದ. ಪಾಂಡವಪುರಕ್ಕೆ ರಕ್ಷಣಾಧಿಕಾರಿಯೂ ಪಾಲಕರೂ ನಮ್ಮ ಮ್ಯಾನೇಜರೇ.

ಮಾರನೆಯ ದಿನ ಫೋನು ಬರಲಿಲ್ಲ. ನಾವೇ ಶ್ರೀರಂಗಪಟ್ಟಣಕ್ಕೆ ಮಾಡಿ ಕೇಳಿದಾಗ ತಿಳಿಯಿತು: ಭಾಮೈದ ಸಂಸಾರ ಸಮೇತ ತಿರುಪತಿಗೆ ಹೋಗಿದ್ದ.

ಅದು ನಾಲೆಗೆ ನೀರು ಬಿಟ್ಟ ಕಾಲ. ಗದ್ದೆಗಳಲ್ಲಿ ನಾಟಿ ಮುಗಿಯುತ್ತಾ ಬಂದಿತ್ತು, ಯೂರಿಯಾಗೆ ಜನ ಹೊತ್ತು ಮೂಡುವ ಮುಂಚೆಯೇ ಬಂದು ನಿಂತಿದ್ದರು. ಎತ್ತಿನ ಗಾಡಿ, ಟ್ರಾಕ್ಟರು, ಟಿವಿಎಸ್ಸು ಎಲ್ಲ ರಸ್ತೆಯವರೆಗೂ. ಗೋದಾಮು ತುಂಬ ಗೊಬ್ಬರವಿತ್ತು. ಆದರೆ ಬಿಲ್ಲಿಲ್ಲದೆ ಮೂಟೆ ಹೊರಗೆ ಹೋಗುವಂತಿಲ್ಲ, ಕಂಪ್ಯೂಟರಿಲ್ಲದೆ ಬಿಲ್ಲಿಲ್ಲ. ಕೈಬರಹದ ಬಿಲ್ಲು ಪುಸ್ತಕವನ್ನು ಹೊಸ ಯೋಜನೆ ಬಂದ ದಿನವೇ ವಾಪಸು ತರಿಸಿಕೊಂಡಿದ್ದರು. ನಾನು ಯಂತ್ರ ಹಾಕಿದೆ. ಅದು ಪಾಸ್‌ವರ್ಡು ಕೇಳಿ ಸುಮ್ಮನಾಯಿತು.

ಮ್ಯಾನೇಜರು ಕಾರ್ಯದರ್ಶಿಗಳಿಗೆ ಫೋನು ಮಾಡಿದರು. ಮುಖ್ಯ ರಕ್ಷಣಾಧಿಕಾರಿ ಬರುವವರೆಗೆ ಯಾರೂ ಯಂತ್ರ ಮುಟ್ಟಬಾರದೆಂದು ಉತ್ತರ ಬಂತು. ಮ್ಯಾನೇಜರು ರಿಸೀವರ್ ಕೆಳಗಿಟ್ಟು, ತಮಗೆ ಮೈ ಬಿಸಿಯಾದಂತಿದೆ ಎಂದು ಹೇಳಿ ಮನೆಗೆ ಹೋದರು. ಕೌಂಟರಿನಲ್ಲಿ ನಾನೊಬ್ಬಳು ಉಳಿದೆ.

"ಏನವ್ವಾ, ಕರೆಂಟ್ ಇಲ್ವಾ?" ಎಂದು ಮುಂದೆ ನಿಂತಿದ್ದ ದಪ್ಪ ಮೀಸೆಯ ರೈತರು ಕೇಳಿದರು.

"ಕರೆಂಟ್ ಇದೆ. ಪಾಸ್‌ವರ್ಡ್ ಇಲ್ಲ."

"ಅದೆಲ್ಲಿ ಸಿಕ್ತದೆ? ನಾನೇ ಟ್ರಾಕ್ಟರ್ನಾಗೆ ವೋಗಿ ತಂದ್ಬುಡ್ತೀನಿ."

ಅದು ಒಂದು ಪದ, ಗೊತ್ತಿರುವವರು ತಿರುಪತಿಗೆ ಹೋಗಿದ್ದಾರೆ ಎಂದು ವಿವರಿಸಿದೆ. ಸುದ್ದಿ ಸಾಲಿನ ಕೊನೆಯವರೆಗೆ ಹೋಯಿತು. ಮೊದಲು ನಗು, ಆಮೇಲೆ ಗೊಣಗಾಟ, ಆಮೇಲೆ ಕೂಗಾಟ. ಒಬ್ಬ, "ಗೊಬ್ಬರುಕ್ಕೂ ತಿಮ್ಮಪ್ಪುಂಗೂ ಏನ್ಲಾ ಸಂಬಂದ?" ಎಂದ. ಇನ್ನೊಬ್ಬ ಗೋದಾಮಿನ ಬಾಗಿಲು ಒಡೆಯುವ ಮಾತಾಡಿದ. ಮೇಜಿನ ಹಿಂದೆ ನಿಂತು, "ಒಂದೇ ಒಂದು ನಿಮಿಷ ಇರಿ," ಎನ್ನುತ್ತಾ ಏನು ಮಾಡಬೇಕೆಂದು ತಿಳಿಯದೆ ಕರಿಘಟ್ಟದ ಸ್ವಾಮಿಯ ಹಳೆಯ ಹೆಸರನ್ನೇ ಮತ್ತೆ ಮತ್ತೆ ಒತ್ತಿದೆ. ಯಂತ್ರ ಒಪ್ಪಲಿಲ್ಲ.

"ಬ್ಯಾರೆ ದ್ಯಾವ್ರು ಆಕವ್ವಾ," ಎಂದು ದಪ್ಪ ಮೀಸೆಯವರು ಸಲಹೆ ಕೊಟ್ಟರು.

ಹೀಗೆ ಶುರುವಾಯಿತು. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ದೇವರನ್ನು ಕೂಗತೊಡಗಿದರು. ಮೇಲುಕೋಟೆ ದೇವರು, ಆದಿಚುಂಚನಗಿರಿ ದೇವರು, ಊರ ಮಾರಮ್ಮಂದಿರು ಒಬ್ಬೊಬ್ಬರೇ ಬಂದು ಹೋದರು. ಯಾವನೋ ಒಬ್ಬ ಸಿನಿಮಾ ನಟನ ಹೆಸರು ಹೇಳಿ ಬೈಸಿಕೊಂಡ. ಬಾಗಿಲು ಒಡೆಯುವ ಮಾತಾಡಿದ್ದವನೂ ಈಗ ಕೌಂಟರಿಗೆ ಒರಗಿ ತನ್ನ ಕುಲದೇವರಿಗೆ ಅವಕಾಶ ಕೇಳುತ್ತಿದ್ದ. ಯಂತ್ರ ಪ್ರತಿ ಸಲವೂ ಕೀಂಯ್ ಎಂದು ತಿರಸ್ಕರಿಸುತ್ತಿತ್ತು. ಸೋತ ದೇವರ ಭಕ್ತರು ಹಿಂದೆ ಸರಿಯುತ್ತಿದ್ದರು.

ಆಗ ಹೆಂಗಸರ ಸಾಲಿನಿಂದ ಒಬ್ಬ ಗಟ್ಟಿಗಿತ್ತಿ ಮುಂದೆ ಬಂದಳು. ಕೈತುಂಬ ಹಸಿರು ಬಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. "ತಿರುಪ್ತಿಗ್ ವೋದೋನು ಯಾರು? ಆ ಸೆಕ್ರೆಟ್ರಿ ಭಾಮೈದ್ನಾ?" ಎಂದಳು.

"ಹೌದು."

"ಮಗೀಗೆ ಮುಡಿ ತಗ್ಸಕ್ ವೋಗವ್ನೆ. ನಂಗೆ ಅತ್ತೆ ಮಗ ಆಗ್ಬೇಕು ಅವ್ನು. ಊರೋರ್ಗೆಲ್ಲ ಏಳವ್ನೆ, ನಮ್ಮನ್ನ ಮಾತ್ರ ಕರೀನಿಲ್ಲ." ಆಕೆ ಈ ಅನ್ಯಾಯವನ್ನು ಸಾಲಿಗೆಲ್ಲ ಕೇಳಿಸುವಂತೆ ಇನ್ನೊಮ್ಮೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಆ ಮಗಾ ಉಟ್ಟುದ್ಮ್ಯಾಕೆ ಅವ್ನ್ ಬಾಯಲ್ಲಿ ಬ್ಯಾರೆ ಮಾತೇ ಇಲ್ಲ. ಸ್ಕೂಟರ್ ಮ್ಯಾಲೂ ಮಗೀನ್ ಎಸ್ರೇ ಬರ್ಸವ್ನೆ. ಅದೇ ಆಕು."

ಹೆಸರು ಹೇಳಿದಳು. ಒತ್ತಿದೆ. ಯಂತ್ರ ತೆರೆದುಕೊಂಡಿತು.

ಸಾಲಿನಲ್ಲಿ ಎದ್ದ ಕೇಕೆ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು. ನನಗೆ ಅಳು ಬಂದಂತಾಗಿ ನಗುವೂ ಬಂತು. ಮೊದಲ ಬಿಲ್ಲು ಆಕೆಗೇ ಹಾಕಿದೆ. ನಡುವೆ ಬಿಡುವು ಮಾಡಿಕೊಂಡು ಉಳಿದ ಶಾಖೆಗಳಿಗೂ ಫೋನು ಮಾಡಿದೆ. ಕೆ.ಆರ್. ಪೇಟೆಯಲ್ಲಿ ಆಪರೇಟರಮ್ಮ ಆಗಲೇ ರೈತರಿಗೆ ಬಿಳಿ ಹಾಳೆಯಲ್ಲಿ ಚೀಟಿ ಬರೆದುಕೊಟ್ಟು ಮೂಟೆ ಕಳಿಸುತ್ತಿದ್ದಳು. "ಆ ಮಗೀನ್ ಎಸ್ರಾ? ಥೂ, ನಂಗ್ಯಾಕ್ ಒಳೀನಿಲ್ಲ ಕಣಮ್ಮಿ," ಎಂದು ಪೇಚಾಡಿಕೊಂಡಳು. ನಾಗಮಂಗಲದ ರಕ್ಷಣಾಧಿಕಾರಿ ಮಾತ್ರ ಕಚೇರಿಗೆ ಬೀಗ ಹಾಕಿ ಅತ್ತೆಮನೆಗೆ ಹೋಗಿದ್ದ. ಟೀ ತರುವಾತ ಪಕ್ಕದ ಅಂಗಡಿಯ ಫೋನಿನಲ್ಲಿ ನನ್ನ ಮಾತು ಕೇಳಿಸಿಕೊಂಡು, ತಾನೇ ತಿಳಿಸುವುದಾಗಿ ಭರವಸೆ ಕೊಟ್ಟ.

ಭಾಮೈದ ಬೋಳು ತಲೆಯಲ್ಲಿ, ಲಾಡು ಸಮೇತ ವಾಪಸು ಬಂದ. ಮಗುವಿನ ಜೊತೆಗೆ ತಾನೂ ಮುಡಿ ಕೊಟ್ಟಿದ್ದ. ಎಲ್ಲರಿಗೂ ಲಾಡು ಹಂಚಿದ. ಅದೇ ದಿನ ನನಗೆ ಮೆಮೋ ಬಂತು: ತಮ್ಮ ಹುದ್ದೆಗಳ ವ್ಯಾಪ್ತಿ ಮೀರಿ ಗುಪ್ತಪದವನ್ನು ಊಹಿಸಿ ಸಂಸ್ಥೆಯ ಭದ್ರತೆಯನ್ನು ಭೇದಿಸಿರುತ್ತೀರಿ, ಈ ಬಗ್ಗೆ ವಿವರಣೆ ನೀಡತಕ್ಕದ್ದು. ಕೆ.ಆರ್. ಪೇಟೆಯಾಕೆಗೂ ಅಂಥದೇ ಒಂದು, ಬಿಳಿ ಹಾಳೆಯ ಚೀಟಿಗಳ ಬಗ್ಗೆ. ಬೀಗ ಹಾಕಿಕೊಂಡು ಹೋಗಿದ್ದ ನಾಗಮಂಗಲದವನಿಗೆ ಮೆಚ್ಚುಗೆ ಪತ್ರ. ಮೂರು ಶಾಖೆಗಳಲ್ಲಿ ಆ ದಿನ ಭದ್ರತೆ ಉಳಿದಿದ್ದ ಕಂಪ್ಯೂಟರು ಅದೊಂದೇ ಆಗಿತ್ತಂತೆ.

ಸಂಜೆ ಮನೆಗೆ ಹೋದಾಗ ಅವ್ವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನನ್ನ ಮುಖ ನೋಡಿ ಏನಾಯಿತೆಂದಳು. ಮೆಮೋ ಕೊಟ್ಟವರೆ ಎಂದೆ.

"ಏನ್ ತಪ್ಪು ಮಾಡುದ್ಯವ್ವಾ?"

"ಜನ ಕಾಯ್ತಿದ್ರು, ಗೊಬ್ಬರ ಕೊಟ್ಟೆ ಕಣವ್ವ."

ಅವ್ವ ಕೆಚ್ಚಲಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು. "ಅದ್ಕೇ ಅಲ್ವಾ ನಿನ್ನ ಮಡಿಕಂಡಿರೋದು?" ಎಂದಳು. ಅಲ್ಲಿಯವರೆಗೆ ಭಯವಿತ್ತು, ಆ ಮಾತು ಕೇಳಿದ ಮೇಲೆ ಸಿಟ್ಟು ಬಂತು. ರಾತ್ರಿ ಊಟ ಚೆನ್ನಾಗಿ ಸೇರಿತು.

ವಿಚಾರಣೆಗೆ ಮೈಸೂರಿನ ತಜ್ಞರನ್ನೇ ಕರೆಸಿದರು. ಶ್ರೀರಂಗಪಟ್ಟಣದ ಕಚೇರಿಯಲ್ಲಿ ಅವರು, ಕಾರ್ಯದರ್ಶಿಗಳು, ಬೋಳು ತಲೆಗೆ ಟೋಪಿ ಹಾಕಿದ್ದ ಭಾಮೈದ ಒಂದು ಕಡೆ. ನಾವಿಬ್ಬರು ಇನ್ನೊಂದು ಕಡೆ. ನಾನು ಬಾಯಿ ತೆರೆಯುವ ಮುಂಚೆ ಕೆ.ಆರ್. ಪೇಟೆಯಾಕೆ ಯೋಜನೆಯ ಪ್ರತಿಯನ್ನು ಮೇಜಿನ ಮೇಲೆ ಬಡಿದಳು.

"ಸಾರ್, ಇದ್ರಲ್ಲಿ ರಕ್ಷಣೆ ಮಾಡೋದು ರಕ್ಷಣಾಧಿಕಾರಿ ಕೆಲ್ಸ ಅಂತದೆ. ನಾವು ಅಧಿಕಾರಿಗಳಾ? ಅಲ್ಲ. ಅಂದ್ಮೇಲೆ ಭದ್ರತೆ ಕೆಟ್ಟೋದ್ರೆ ಮೆಮೋ ಅವರ್ಗೆ ಕೊಡ್ಬೇಕಾ, ನಮ್ಗಾ?"

"ಊಹೆ ಮಾಡಿದ್ದು ತಪ್ಪಲ್ಲವೇನಮ್ಮ?" ಎಂದರು ತಜ್ಞರು.

"ಊಹೆ ಮಾಡ್ಬಾರ್ದು ಅಂತ ಯಾವ್ ಹುದ್ದೇಲಿ ಬರ್ದಿದ್ದೀರಿ, ತೋರ್ಸಿ. ಈ ಪುಸ್ತಕ ನೀವೇ ಏಳಿದ್ದು, ಈ ಅಮ್ಮಿನೇ ಟೈಪ್ ಮಾಡಿರೋದು."

ತಜ್ಞರು ಪುಟ ತಿರುವಿದರು. ಎಲ್ಲಿಯೂ ಇರಲಿಲ್ಲ. ಭಾಮೈದ, "ಮಗೂ ಹೆಸರು ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ," ಎಂದು ಗೊಣಗಿದ. "ಸ್ಕೂಟರ್ ಮೇಲೆ ಬರೆಸಿದ್ದೀರಲ್ಲ ಸಾರ್," ಎಂದೆ ನಾನು. ಇಡೀ ವಿಚಾರಣೆಯಲ್ಲಿ ನಾನು ಆಡಿದ್ದು ಅಷ್ಟೇ. ಕಾರ್ಯದರ್ಶಿಗಳು ಕಿಟಕಿಯಾಚೆ ನಿಂತಿದ್ದ ಹಸಿರು ಸ್ಕೂಟರನ್ನು ನೋಡಿದರು, ಆಮೇಲೆ ಭಾಮೈದನನ್ನು ನೋಡಿದರು. ಮನೆಯ ಜಗಳಗಳೆಲ್ಲ ಆ ನೋಟದಲ್ಲಿದ್ದವು.

ತಪ್ಪು ನಮ್ಮದಲ್ಲ, ಯೋಜನೆಯಲ್ಲಿನ ಲೋಪದ್ದು ಎಂದು ತೀರ್ಮಾನವಾಯಿತು. ಲೋಪವನ್ನು ತಜ್ಞರು ಅಲ್ಲೇ ಕೂತು ಸರಿಪಡಿಸಿದರು. ಅವರು ಹೇಳಿದರು, ನಾನು ಟೈಪು ಮಾಡಿದೆ: ಅಧೀನ ಹುದ್ದೆಗಳಿಗೆ ನೇಮಕವಾಗುವವರಲ್ಲಿ ಅನಗತ್ಯವಾಗಿ ಊಹಿಸುವ ಪ್ರವೃತ್ತಿ ಇರತಕ್ಕದ್ದಲ್ಲ. ಈಗಾಗಲೇ ಆ ಪ್ರವೃತ್ತಿ ಕಂಡುಬಂದಿರುವವರನ್ನು ಕೆಲಸ ಕಡಿಮೆ ಇರುವ ಶಾಖೆಗೆ ವರ್ಗಾಯಿಸತಕ್ಕದ್ದು. ಕೆಲಸ ಕಡಿಮೆ ಇದ್ದ ಶಾಖೆ ನಾಗಮಂಗಲ. ಹೀಗೆ ನನ್ನ ವರ್ಗಾವಣೆಯ ವಾಕ್ಯವನ್ನು ನಾನೇ, ತಪ್ಪಿಲ್ಲದೆ, ಅಂದವಾಗಿ ಟೈಪು ಮಾಡಿ ಕೊಟ್ಟು ಬಂದೆ.

ಕೆ.ಆರ್. ಪೇಟೆಯಾಕೆ ಅಂದೇ ರಾಜೀನಾಮೆ ಬರೆದಳು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಹಿಡಿದು, ಕಂಪ್ಯೂಟರು ತಂದು, ಲಗ್ನಪತ್ರಿಕೆ, ಅರ್ಜಿ, ಕರಪತ್ರ ಮಾಡಿಕೊಡತೊಡಗಿದಳು. ಅಲ್ಲಿ ಎಲ್ಲ ಹುದ್ದೆಯೂ ಅವಳದೇ. ಗಂಡ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಕಾಗದ ಕತ್ತರಿಸುತ್ತಿದ್ದ. ನಮ್ಮ ಯೋಜನೆ ಕೂಡ ಕೆಡಲಿಲ್ಲ. ತಜ್ಞರು ಅದನ್ನು ಬೇರೆ ಸಂಸ್ಥೆಗಳಿಗೂ ಕೊಂಡೊಯ್ದರೆಂದೂ, ಭಾಮೈದನನ್ನು ಮೈಸೂರಿನಲ್ಲೊಂದು ಕಡೆ ಈ ವಿಷಯವಾಗಿ ಭಾಷಣಕ್ಕೆ ಕರೆದಿದ್ದರೆಂದೂ ಕೇಳಿದೆ. ಅಲ್ಲಿ ಅವನಿಗೆ ಹಾರ ಹಾಕಿದ ಫೋಟೋ ಪ್ರಧಾನ ಕಚೇರಿಯ ಗೋಡೆಗೆ ಬಂತು.

ನಾಗಮಂಗಲದಲ್ಲಿ ನನ್ನ ದಿನಗಳು ಕೆಟ್ಟದಾಗೇನೂ ಇರಲಿಲ್ಲ. ರಕ್ಷಣಾಧಿಕಾರಿ ಹುಡುಗ ಒಳ್ಳೆಯವನೇ. ಹೆಂಡತಿ ಕಟ್ಟಿಕೊಟ್ಟ ಮುದ್ದೆ, ಉಪ್ಸಾರನ್ನು ನನಗೂ ಒಂದು ಪಾಲು ತೆಗೆದಿಡುತ್ತಿದ್ದ. ದೂರದ ಬಸ್ಸಿನಲ್ಲಿ ಎರಡು ಹೊತ್ತು ಓಡಾಡಿ ಸೊಂಟ ನೋವು ಮಾತ್ರ ಖಾಯಂ ಆಯಿತು.

ಆ ದಶಕದ ಕೊನೆಯ ಡಿಸೆಂಬರಿನಲ್ಲಿ, ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವಂತೆ ಎಂಬ ಗುಲ್ಲು ನಮ್ಮಲ್ಲಿಗೂ ಬಂತು. ಇಸವಿ ಬದಲಾಗುವುದನ್ನು ತಡೆಯುವುದು ಯಾವ ಹುದ್ದೆಯವರ ಕೆಲಸ ಎಂದು ಯೋಜನೆಯಲ್ಲಿ ಇರಲಿಲ್ಲ. ಹಾಗಾಗಿ ಮುಖ್ಯ ಗಣಕ ರಕ್ಷಣಾಧಿಕಾರಿಗಳೇ ಮುಂಚಿತವಾಗಿ ಪರೀಕ್ಷೆ ಮಾಡಲು ನಾಗಮಂಗಲಕ್ಕೆ ಬಂದರು. ತಲೆಯಲ್ಲಿ ಮತ್ತೆ ಕೂದಲು ಬಂದಿತ್ತು. ಕೌಂಟರಿನಲ್ಲಿ ಜನ ಇದ್ದರು. ಇರಲಿ, ನಿಜವಾದ ಸ್ಥಿತಿಯಲ್ಲೇ ಪರೀಕ್ಷೆ ಆಗಬೇಕು ಎಂದ ಭಾಮೈದ. ತಾನೇ ಕೂತು ಯಂತ್ರದ ತಾರೀಖನ್ನು ವರ್ಷದ ಕೊನೆಯ ದಿನದ ಅಂಚಿಗೆ ತಳ್ಳಿ ನಿಲ್ಲಿಸಿದ. ನಾವೆಲ್ಲ ಸುತ್ತ ನಿಂತು ನೋಡಿದೆವು. ನಿಮಿಷ ಕಳೆಯಿತು. ಹೊಗೆ ಬರಲಿಲ್ಲ, ಸದ್ದೂ ಆಗಲಿಲ್ಲ. ಯಂತ್ರವನ್ನು ಒಮ್ಮೆ ಆರಿಸಿ ಹಾಕಿಸಿದ. ಅದೂ ಆಯಿತು.

"ಏನೂ ಆಗಲಿಲ್ಲ ನೋಡಿ," ಎಂದು ಹೆಮ್ಮೆಯಿಂದ ಎದ್ದು ನಿಂತ. "ಒಂದು ಬಿಲ್ಲು ಹಾಕಿ ಇವರಿಗೆ."

ಮುಂದೆ ನಿಂತಿದ್ದ ಯಜಮಾನರಿಗೆ ಬಿಲ್ಲು ಹಾಕಿ ಹರಿದು ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಓದಿದರು. ಇನ್ನೊಮ್ಮೆ ಓದಿದರು. "ಇದ್ಯಾಕವ್ವಾ, ತಾರೀಕು ಎಂಬತ್ತನೇ ಇಸ್ವಿದು ಬಂದದೆ?" ಎಂದರು.

ಭಾಮೈದ ಬಿಲ್ಲು ಇಸಿದುಕೊಂಡು ನೋಡಿದ. ಯಂತ್ರ ಮುಂದಕ್ಕೆ ಹೋಗುವ ಬದಲು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಅವನು ಚರಿತ್ರೆಯ ವಿದ್ಯಾರ್ಥಿ, ಗಾಬರಿಯಾಗಲಿಲ್ಲ. "ತಾರೀಖು ಮಾತ್ರ ಹಿಂದಿನದು. ರೇಟು ಇವತ್ತಿನದೇ. ಅಂದರೆ ಭದ್ರತೆಗೆ ಏನೂ ಧಕ್ಕೆ ಆಗಿಲ್ಲ," ಎಂದು ಘೋಷಿಸಿ, ಪರೀಕ್ಷೆ ಯಶಸ್ವಿ ಎಂದು ಬರೆದು ಸಹಿ ಮಾಡಿದ.

ಯಜಮಾನರು ಬಿಲ್ಲನ್ನು ವಾಪಸು ಕಿತ್ತುಕೊಂಡರು. "ಅದೆಂಗಾದದು ಬುದ್ದಿ? ಇಸ್ವಿ ಎಂಬತ್ತು ಅಂದ್ಮ್ಯಾಲೆ ರೇಟೂ ಎಂಬತ್ತನೇ ಇಸ್ವಿದೇ ಆಕ್ಬೇಕು. ಆಗ ಯೂರಿಯಾ ಎಷ್ಟಿತ್ತು ಅಂತ ನಂಗ್ ಗೊತ್ತು. ಆ ರೇಟ್ಗೆ ಆದ್ರೆ ಇನ್ನೊಂದ್ ಗಾಡಿ ತರ್ಸ್ತೀನಿ."

ಹಿಂದೆ ನಿಂತವರೂ ಆ ರೇಟಿಗೆ ತಮಗೂ ಬೇಕೆಂದು ಮುಂದೆ ನುಗ್ಗಿದರು. ರಕ್ಷಣಾಧಿಕಾರಿ ಹುಡುಗ ನಗು ತಡೆಯಲಾರದೆ ಗೋದಾಮಿನೊಳಗೆ ಓಡಿದ. ಮುಖ್ಯ ರಕ್ಷಣಾಧಿಕಾರಿ ಜೀಪಿನ ಕಡೆ ಹೆಜ್ಜೆ ಹಾಕಿದ. ನಾನು ಕೂತು ತಾರೀಖನ್ನು ಕೈಯಾರೆ ಸರಿಮಾಡಿದೆ, ಯಜಮಾನರಿಗೆ ಹೊಸ ಬಿಲ್ಲು ಹರಿದು ಕೊಟ್ಟೆ. ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಳ್ಳುತ್ತಾ, ಒಳ್ಳೇ ವ್ಯಾಪಾರ ಕೈತಪ್ಪಿದವರಂತೆ ನನ್ನನ್ನು ನೋಡಿ, ಮೂಟೆ ಎತ್ತಿಸಿಕೊಳ್ಳಲು ಹೋದರು.